ಸಾಹಸಿಯ ಸಾಲ

ಅರಸೀಕೆರೆ, ಹಳೇಬೀಡು, ಬೇಲೂರುಗಳ ಸುತ್ತಿನ ಹಳ್ಳಿಗಳಲ್ಲಿ, ಕೆರೆಯ ಏರಿಯ ಮೇಲೋ ಹಾಳು ಗುಡಿಯ ಮಗ್ಗುಲಲ್ಲೋ ವೀರಗಲ್ಲುಗಳು ನಿಂತಿರುವುದನ್ನು ನಮ್ಮ ವಾಚಕರು ನೋಡಿಯೇ ಇರುತ್ತಾರೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವಣದರಲ್ಲಿ ಮಡಿದ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವ ನೋಟ. ಮೇಲ್ಗಡೆ ಶಿವಲಿಂಗದ ಸನ್ನಿಧಾನ. ಎಷ್ಟೋ ಕಲ್ಲುಗಳಲ್ಲಿ ಕಾಳಗದ ಪಕ್ಕಕ್ಕೆ ಹಸುಗಳ ಸಾಲೊಂದು ಕಾಣಿಸುವುದುಂಟು. ಊರ ತುರುವನ್ನು ಹಗೆಗಳು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ ಹೋಗಿ, ಅದನ್ನು ಮರಳಿಸಿ, ತಾನು ಮರಳದೆ ಉಳಿದವನ ನೆನಪು ಅದು.

ಈ ಕಲ್ಲುಗಳು ಎರಡು ಮಾತುಗಳನ್ನು ಕೇಳುವುದಿಲ್ಲ. ನಾಲ್ಕಾರು ಹಸುಗಳಿಗಾಗಿ ಒಂದು ಮನುಷ್ಯ ಪ್ರಾಣವನ್ನು ಒಡ್ಡಿದುದು ಲೆಕ್ಕಕ್ಕೆ ಸರಿಹೋಗುವುದೆ ಎಂದು ಕೇಳುವುದಿಲ್ಲ. ಹಸುಗಳನ್ನು ಎಲ್ಲೆ ಮೀರಿ ಮೇಯಲು ಬಿಟ್ಟವನು ಯಾರು, ತಪ್ಪು ಯಾರದು ಎಂದೂ ಕೇಳುವುದಿಲ್ಲ. ಹೋದವನು ಹೋದನು, ತಂದುಕೊಟ್ಟನು; ಅಷ್ಟೆ. ಆದರೆ ಕಲ್ಲು ಕೇಳದೆ ಬಿಟ್ಟ ಮಾತನ್ನು ನಾವು ಕೇಳದೆ ಇರಲಾಗದು. ಒಬ್ಬನು ತನ್ನ ಇಚ್ಛೆಯಿಂದಲೇ ಅಪಾಯದೊಳಕ್ಕೆ ನಡೆದು ಸಿಕ್ಕಿಬಿದ್ದರೆ, ಅವನನ್ನು ಬಿಡಿಸಲು ಹತ್ತು ಮಂದಿ ತಮ್ಮ ಪ್ರಾಣವನ್ನು ಪಣವಾಗಿಡುವುದು ಧರ್ಮವೆ? ಧರ್ಮವೆನ್ನುವುದಾದರೆ, ಆ ಒಬ್ಬನ ಮೇಲೆ ಏನು ಹೊಣೆ ಬೀಳುತ್ತದೆ? ಈ ಲೇಖನದ ಜಿಜ್ಞಾಸೆ ಇಷ್ಟೆ.

ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ಭೂಮಿಯ ದಕ್ಷಿಣ ತುದಿಯ ಹಿಮಖಂಡಕ್ಕಿಂತ ತಕ್ಕ ಸ್ಥಳ ಮತ್ತೊಂದಿಲ್ಲ. ಅಂಟಾರ್ಕ್ಟಿಕವು ಸುಮಾರು ಒಂದು ಕೋಟಿ ನಲವತ್ತು ಲಕ್ಷ ಚದರ ಕಿಲೋಮೀಟರುಗಳ ವಿಸ್ತಾರವುಳ್ಳದ್ದು. ಅದರ ಬಹುಭಾಗದ ಮೇಲೆ ಸರಾಸರಿ ಎರಡು ಕಿಲೋಮೀಟರುಗಳಷ್ಟು ದಪ್ಪದ ಮಂಜುಗಡ್ಡೆ ಕವಿದಿದೆ. ಅಲ್ಲಿ ಹುಟ್ಟಿ ಬೆಳೆದ ಜನವಿಲ್ಲ. ದಾರಿ ಕೇಳಲು ಊರಿಲ್ಲ. ಬಿದ್ದವನನ್ನು ಎಬ್ಬಿಸಲು ದಾರಿಹೋಕನಿಲ್ಲ. ನಮ್ಮ ನಾಡಿನಲ್ಲಿ ಒಬ್ಬನು ಅಪಾಯಕ್ಕೆ ಸಿಕ್ಕಿದರೆ ನೆರವು ಎಲ್ಲಿಂದ ಬಂದಿತೆಂಬುದು ಮರೆತುಹೋಗುವಷ್ಟು ಸಹಜವಾಗಿ ಒದಗುತ್ತದೆ. ಅಲ್ಲಿಯಾದರೋ ನೆರವೆಂಬುದೆಲ್ಲ ಸಾವಿರಾರು ಮೈಲಿಗಳ ಆಚೆಯಿಂದ ಹಡಗಿನಲ್ಲಿ ಬರಬೇಕು, ಇಲ್ಲವೆ ಆಕಾಶದಿಂದ ಇಳಿಯಬೇಕು. ಆದುದರಿಂದ ಯಾರು ಯಾರಿಗೆ ಎಷ್ಟು ಋಣಿಯೆಂಬ ಲೆಕ್ಕ ಅಲ್ಲಿ ಬಿಳಿಯ ಹಾಳೆಯ ಮೇಲೆ ಬರೆದಂತೆ ಸ್ಪಷ್ಟವಾಗಿ ಕಾಣುತ್ತದೆ.

ಆ ಖಂಡದ ಆಕಾಶವನ್ನು ಮನುಷ್ಯನು ಏರಿದ ಕಥೆ ದೊಡ್ಡದೇನಲ್ಲ. 1902ನೆಯ ಇಸವಿಯ ಫೆಬ್ರವರಿಯಲ್ಲಿ ಸ್ಕಾಟನೂ ಷ್ಯಾಕಲ್ಟನನೂ ಹಗ್ಗ ಕಟ್ಟಿದ ಬಲೂನಿನಲ್ಲಿ ಒಬ್ಬರಾದಮೇಲೊಬ್ಬರು ಮೇಲೇರಿ ಮಂಜಿನ ಬಯಲನ್ನು ನೋಡಿದರು. 1911ರಲ್ಲಿ ಮಾಸನ್ ಎಂಬಾತನು ವಿಮಾನವೊಂದನ್ನು ಕೊಂಡೊಯ್ದನು. ಆದರೆ ಹೊರಡುವ ಮೊದಲೇ ಅದರ ರೆಕ್ಕೆಗಳು ಮುರಿದುಹೋಗಿದ್ದುದರಿಂದ ಅದು ಹಿಮದ ಮೇಲೆ ಬಂಡಿಯೆಳೆಯುವ ಯಂತ್ರವಾಯಿತು. 1928ನೆಯ ನವೆಂಬರ್ 16ರಂದು ವಿಲ್ಕಿನ್ಸನು ಅಲ್ಲಿ ಮೊಟ್ಟಮೊದಲು ನಿಜವಾಗಿ ಹಾರಿದನು. ಮರುವರ್ಷದ ನವೆಂಬರಿನಲ್ಲಿ ಅಮೆರಿಕದ ನೌಕಾಧಿಕಾರಿ ಬರ್ಡ್ ತನ್ನ ಸಂಗಡಿಗರೊಡನೆ ದಕ್ಷಿಣ ಧ್ರುವದ ಮೇಲೆ ಹಾರಿ ಬಂದನು. ಇವರ ಹೆಸರುಗಳು ಪಾಠದ ಪುಸ್ತಕಗಳಲ್ಲಿವೆ. ಇವರನ್ನು ಹೊತ್ತು ತಂದ ಹಡಗುಗಳ ಖಲಾಸಿಗಳ ಹೆಸರು, ಹೆಪ್ಪುಗಟ್ಟಿದ ಎಣ್ಣೆಯನ್ನು ಬಿಸಿಮಾಡಿ ಇಂಜಿನಿಗೆ ಹೊಯ್ದವರ ಹೆಸರು ಅಲ್ಲಿಲ್ಲ. 1946–47ರಲ್ಲಿ ಅಮೆರಿಕದ ನೌಕಾಪಡೆ 13 ಹಡಗುಗಳನ್ನೂ ಸುಮಾರು 4,700 ಜನರನ್ನೂ ಅಲ್ಲಿಗೆ ಕಳುಹಿಸಿತು. ಒಂದು ವಿಮಾನ ಮೇಲೇರಬೇಕಾದರೆ ಕೆಳಗೆ ಎಷ್ಟು ಜನ ನಿಂತಿರಬೇಕೆಂಬುದು ಈ ಲೆಕ್ಕದಿಂದ ತಿಳಿದೀತು.

ವಿಮಾನವು ಬಂದುದರಿಂದ ಅಪಾಯ ಕಡಿಮೆಯಾಯಿತೆಂದು ಮೇಲೆ ನೋಡಿದವರಿಗೆ ತೋರಬಹುದು. ಒಂದು ಅರ್ಥದಲ್ಲಿ ಅದು ಹೆಚ್ಚಿತು. ಕಾಲ್ನಡೆಯಲ್ಲಿ ಹೋಗುವವನು ದಿನಕ್ಕೆ ಹತ್ತು ಹದಿನೈದು ಮೈಲಿ ಮುಂದುವರಿಯುತ್ತಾನೆ. ಹಿಂದಿರುಗುವ ದಾರಿಯೂ ಅಷ್ಟಷ್ಟೇ ಬೆಳೆಯುತ್ತದೆ. ವಿಮಾನದಲ್ಲಿ ಹೋದವನು ಒಂದು ಹಗಲಿನಲ್ಲಿ ನೂರಾರು ಮೈಲಿ ಹೋಗಿಬಿಡುತ್ತಾನೆ. ಇಂಜಿನು ನಿಂತರೆ ಆ ನೂರಾರು ಮೈಲಿಗಳೂ ಒಮ್ಮೆಗೇ ಅವನನ್ನು ಹುಡುಕಬೇಕಾದವರ ತಲೆಯ ಮೇಲೆ ಬೀಳುತ್ತವೆ.

ಮೊದಲನೆಯ ನಿದರ್ಶನವನ್ನು ಉತ್ತರ ಧ್ರುವದ ಕಡೆಯಿಂದ ತೆಗೆದುಕೊಳ್ಳೋಣ. 1928ನೆಯ ಮೇ 25ರಂದು ಇಟಲಿಯ ನೊಬಿಲೆ ಎಂಬಾತನ ವಾಯುನೌಕೆ ಸ್ವಾಲ್‌ಬಾರ್ಡಿನ ಉತ್ತರಕ್ಕೆ ಹಿಮದ ಮೇಲೆ ಅಪ್ಪಳಿಸಿತು. ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದ ನಾರ್ವೆಯ ಅಮುಂಡ್ಸೆನನು ಆಗ ಐವತ್ತೈದು ವರ್ಷದವನು. ಎರಡು ವರ್ಷಗಳ ಹಿಂದೆ ಇಬ್ಬರೂ ಒಂದೇ ವಾಯುನೌಕೆಯಲ್ಲಿ ಧ್ರುವವನ್ನು ದಾಟಿದ್ದರು. ಆಮೇಲೆ ಕೀರ್ತಿ ಯಾರದೆಂಬ ವಿಷಯದಲ್ಲಿ ಬಹಿರಂಗವಾಗಿ ಕಲಹವಾಡಿ ವೈರಿಗಳಾಗಿದ್ದರು. ಆದರೂ ಅಮುಂಡ್ಸೆನನು ಹೊರಟನು. ಜೂನ್ 18ರಂದು ಟ್ರೋಮ್ಸೊ ಪಟ್ಟಣದಿಂದ ಫ್ರಾನ್ಸಿನ ನೌಕಾಪಡೆಯ ಸಮುದ್ರವಿಮಾನವೊಂದು ಆರು ಮಂದಿಯೊಡನೆ ಮೇಲೆದ್ದಿತು. ಅದು ಮರಳಿ ಬರಲಿಲ್ಲ. ಮುಂದೆ ಅದರ ತೇಲುಬುಂಡೆಯೊಂದು ಸಮುದ್ರದಲ್ಲಿ ಸಿಕ್ಕಿತು. ಇತ್ತ ನೊಬಿಲೆಯನ್ನು ಎತ್ತಿಕೊಂಡು ಬಂದ ಸ್ವೀಡನ್ ದೇಶದ ವೈಮಾನಿಕನು ಎರಡನೆಯ ಸಾರಿ ಹೋದಾಗ ತಾನೇ ಮಗುಚಿಬಿದ್ದು, ರಕ್ಷಿಸಬಂದವನು ರಕ್ಷಣೆ ಬೇಡುವವನಾದನು. ಉಳಿದವರನ್ನು ಕಡೆಗೆ ಜುಲೈ 12ರಂದು ರಷ್ಯದ ಕ್ರಾಸಿನ್ ಎಂಬ ಹಿಮಭೇದಕ ಹಡಗು ಬಂದು ಬಿಡಿಸಿತು.

ಹಗೆಯನ್ನು ಮರೆತು ಹೊರಟ ಅಮುಂಡ್ಸೆನನ ಔದಾರ್ಯಕ್ಕೆ ಲೋಕವೆಲ್ಲ ತಲೆಬಾಗಿತು, ಬಾಗುವುದು ನ್ಯಾಯವೇ. ಆದರೆ ಆ ವಿಮಾನದಲ್ಲಿ ಇನ್ನೂ ಐದು ಮಂದಿ ಇದ್ದರು. ಅವರಲ್ಲಿ ಒಬ್ಬನು ಅಮುಂಡ್ಸೆನನ ಹಳೆಯ ಸಂಗಡಿಗ. ಮಿಕ್ಕ ನಾಲ್ವರು ನೊಬಿಲೆಯ ಗೆಳೆಯರೂ ಅಲ್ಲ, ವೈರಿಗಳೂ ಅಲ್ಲ. ಕ್ಷಮೆಯ ಪುಣ್ಯವಾಗಲಿ ಧ್ರುವದ ಕೀರ್ತಿಯಾಗಲಿ ಅವರಿಗೆ ಬರುವಂತಿರಲಿಲ್ಲ. ಕರ್ತವ್ಯವೆಂದು ಹತ್ತಿದರು, ಮುಳುಗಿದರು. ಸಾಹಸದ ಕಥೆಯನ್ನು ಓದುವಾಗ ನಾವು ಮೊದಲು ಮರೆಯುವುದು ಇಂಥವರನ್ನು; ಸಾಲದ ಪತ್ರದಲ್ಲಿ ಮೊದಲು ಬರೆಯಬೇಕಾದದ್ದೂ ಇವರ ಹೆಸರನ್ನೇ.

ಎರಡನೆಯ ನಿದರ್ಶನ ಬರ್ಡನದೇ. 1934ರ ಚಳಿಗಾಲದಲ್ಲಿ ಅವನು ಹವೆಯ ಪರಿಶೀಲನೆಗಾಗಿ ಮುಖ್ಯ ಶಿಬಿರದಿಂದ ನೂರು ಮೈಲಿಗೂ ಮಿಕ್ಕ ದೂರದಲ್ಲಿ, ಹಿಮದೊಳಗೆ ಹೂತ ಕೊಠಡಿಯೊಂದರಲ್ಲಿ ಒಂಟಿಯಾಗಿ ಉಳಿದನು. ಒಲೆಯಿಂದಲೂ ನಿಸ್ತಂತು ಯಂತ್ರದ ಇಂಜಿನಿನಿಂದಲೂ ಹೊರಟ ವಿಷಾನಿಲ ಒಳಗೇ ತುಂಬಿ, ಮೇ ತಿಂಗಳ ಕೊನೆಗೆ ಅವನು ಸಾಯುವಂತಾದನು. ಒಲೆ ಹಚ್ಚಿದರೆ ವಿಷ, ಆರಿಸಿದರೆ ಚಳಿ. ಆದರೂ ವಾರಗಟ್ಟಲೆ ತನ್ನ ಶಿಬಿರಕ್ಕೆ ಆ ಸಂಗತಿಯನ್ನು ತಿಳಿಸಲಿಲ್ಲ. ಚಳಿಗಾಲದ ಕತ್ತಲೆಯಲ್ಲಿ ತನಗಾಗಿ ಯಾರೂ ಹೊರಡಕೂಡದೆಂದು ಮೊದಲೇ ಅಪ್ಪಣೆ ಮಾಡಿದ್ದನು. ತಾನು ತಿಳಿಸಿದರೆ ಅವರು ಅಪ್ಪಣೆಯನ್ನು ಮೀರಿಯಾರು, ಮೀರಿ ಸತ್ತಾರು ಎಂಬ ಭಯ. ಆದರೆ ಅವನ ಸಂದೇಶಗಳ ಅಕ್ಷರ ತಡವರಿಸಿದುದರಿಂದಲೇ ಶಿಬಿರದವರು ಅನುಮಾನಪಟ್ಟರು. ಎರಡು ಸಾರಿ ಹೊರಟು ಹಿಂದಿರುಗಿ, ಮೂರನೆಯ ಸಾರಿ ಮೂವರು ಆಗಸ್ಟ್ ತಿಂಗಳಲ್ಲಿ ಅವನನ್ನು ತಲಪಿದರು.

ಈ ಮೌನವನ್ನು ಏನೆನ್ನಬೇಕು? ಪರರ ಪ್ರಾಣವನ್ನು ತನ್ನದಕ್ಕಿಂತ ಮಿಗಿಲೆಂದು ಎಣಿಸಿದ್ದು ಮಹತ್ತಾದ ಗುಣವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದರಲ್ಲಿ ಒಂದು ದೋಷವೂ ಉಂಟೆಂದು ನನಗೆ ತೋರುತ್ತದೆ. ನಿಜವನ್ನು ತಿಳಿಸಿದ್ದರೆ, ಹೋಗಬೇಕೆ ಬೇಡವೆ, ಯಾವಾಗ, ಯಾವ ಸಾಧನದಿಂದ ಎಂಬುದನ್ನು ಶಿಬಿರದವರು ಕಣ್ಣು ತೆರೆದು ಯೋಚಿಸಬಹುದಾಗಿತ್ತು. ಮುಚ್ಚಿಟ್ಟದ್ದರಿಂದ ಅವರು ಊಹೆಯ ಮೇಲೆ ಕತ್ತಲೆಯೊಳಕ್ಕೆ ಹೊರಟರು. ಕಷ್ಟವನ್ನು ಬಚ್ಚಿಡುವವನು ನೆರವಿನವರ ಅಪಾಯವನ್ನು ತಪ್ಪಿಸುತ್ತೇನೆಂದುಕೊಂಡು ಅದಕ್ಕೆ ಕುರುಡನ್ನು ಸೇರಿಸುತ್ತಾನೆ. ಮನೆಯ ಸಾಲವನ್ನು ಹೆಂಡತಿ ಮಕ್ಕಳಿಗೆ ತಿಳಿಯದಂತೆ ಮುಚ್ಚಿಟ್ಟು ಒಂದು ದಿನ ಬಾಗಿಲಿಗೆ ಜಪ್ತಿ ತಂದುಕೊಳ್ಳುವ ಯಜಮಾನನ ಪ್ರೀತಿಯೂ ಇಂಥದೇ.

ಮೂರನೆಯ ನಿದರ್ಶನ ನಮ್ಮ ಕಾಲದ್ದು. 2013ರ ಡಿಸೆಂಬರಿನಲ್ಲಿ ಅಕಾಡೆಮಿಕ್ ಶೋಕಾಲ್ಸ್ಕಿ ಎಂಬ ರಷ್ಯದ ಹಡಗು ಅಂಟಾರ್ಕ್ಟಿಕದ ತೀರದಲ್ಲಿ ಹಿಮದೊಳಗೆ ಸಿಕ್ಕಿತು. ಅದರಲ್ಲಿ ವಿಜ್ಞಾನಿಗಳೊಡನೆ ಹಣ ತೆತ್ತು ಬಂದ ಪ್ರವಾಸಿಗಳೂ ಇದ್ದರು. ಬಿಡಿಸಲು ಚೀನದ ಷುಯೆ ಲಾಂಗ್ ಹಡಗು ಬಂದಿತು. ಹತ್ತಿರ ಬರಲಾರದೆ ನಿಂತಿತು. ಆಸ್ಟ್ರೇಲಿಯದ ಅರೋರಾ ಆಸ್ಟ್ರಾಲಿಸ್ ಬಂದಿತು. 2014ರ ಜನವರಿ 2ರಂದು ಚೀನದ ಹೆಲಿಕಾಪ್ಟರು 52 ಮಂದಿಯನ್ನು ಎತ್ತಿ ಆಸ್ಟ್ರೇಲಿಯದ ಹಡಗಿನ ಬಳಿಗೆ ಸಾಗಿಸಿತು. ಅಷ್ಟರಲ್ಲಿ ಚೀನದ ಹಡಗೇ ಸಿಕ್ಕಿಕೊಂಡಿತು. ಅದನ್ನು ಬಿಡಿಸಲು ಅಮೆರಿಕದ ಹಿಮಭೇದಕವೊಂದು ದಿಕ್ಕು ಬದಲಿಸಬೇಕಾಯಿತು. ದೈವವಶಾತ್ ಗಾಳಿ ತಿರುಗಿ ಎರಡು ಹಡಗುಗಳೂ ತಾವೇ ಹೊರಬಂದವು, ಯಾರೂ ಸಾಯಲಿಲ್ಲ. ಆದರೆ ಆ ಹಡಗುಗಳೆಲ್ಲ ತಂತಮ್ಮ ದೇಶದ ವಿಜ್ಞಾನಕೇಂದ್ರಗಳಿಗೆ ಸಾಮಾನು ಒದಗಿಸಬೇಕಾಗಿದ್ದವು. ಅಲ್ಪ ಬೇಸಗೆಯ ದಿನಗಳು ಇದರಲ್ಲಿ ಕಳೆದವು. ಒಬ್ಬನ ಸಂಕಟ ಇನ್ನೊಬ್ಬನ ಸಂಕಟವಾಗಿ, ಸರಪಣಿಯ ಕೊಂಡಿಗಳಂತೆ ಹಬ್ಬುವ ಬಗೆ ಹೀಗೆ.

ಇನ್ನು ಆಕ್ಷೇಪಗಳನ್ನು ನೋಡೋಣ. ಮೊದಲನೆಯದು ಗಣಿತದ ಆಕ್ಷೇಪ: ಒಂದು ಪ್ರಾಣಕ್ಕಾಗಿ ಹತ್ತು ಪ್ರಾಣಗಳನ್ನು ಒಡ್ಡುವುದು ಅವಿವೇಕ. ಕೂಡಿಸಿ ಕಳೆಯುವುದಾದರೆ ಇದು ಸರಿ. ಆದರೆ ಅಪಾಯಕ್ಕೆ ಒಡ್ಡುವುದೂ ಸಾವಿಗೆ ಒಪ್ಪಿಸುವುದೂ ಒಂದೇ ಅಲ್ಲವೆಂಬುದನ್ನು ಈ ಗಣಿತ ಮರೆಯುತ್ತದೆ. ಮತ್ತೊಂದು ಮುಖ್ಯ ಸಂಗತಿಯುಂಟು. ಷ್ಯಾಕಲ್ಟನನ ಹಡಗು ಹಿಮದಲ್ಲಿ ನುಗ್ಗಾಗಿ, ಎಲಿಫೆಂಟ್ ದ್ವೀಪದಲ್ಲಿ 22 ಮಂದಿ ಕಾದುಕೊಂಡಿದ್ದಾಗ, ಅವನು ಮೂರು ಸಾರಿ ಹಡಗು ತಂದು ಸೋತನು. ನಾಲ್ಕನೆಯ ಸಾರಿ, 1916ನೆಯ ಆಗಸ್ಟ್ 30ರಂದು, ಚಿಲಿ ದೇಶದ ನೌಕಾಪಡೆಯ ಯೆಲ್ಚೊ ಎಂಬ ಪುಟ್ಟ ಹಡಗಿನಲ್ಲಿ ಬಂದು ಎಲ್ಲರನ್ನೂ ಜೀವಸಹಿತ ಕರೆದೊಯ್ದನು. ಅಷ್ಟು ತಿಂಗಳು ಆ ಜನ ಪೆಂಗ್ವಿನ್ ಮಾಂಸದ ಮೇಲೆ ಬದುಕಿದರೆಂದು ಹೇಳುತ್ತೇವೆ. ಬರುತ್ತಾರೆಂಬ ನಂಬಿಕೆಯ ಮೇಲೆಯೂ ಬದುಕಿದರು. ಬಾರರೆಂದು ತಿಳಿದಿದ್ದರೆ ಎಷ್ಟು ಮಂದಿ ಉಳಿಯುತ್ತಿದ್ದರು? ಯಾರನ್ನೂ ಕೈಬಿಡುವುದಿಲ್ಲವೆಂಬ ನಂಬಿಕೆಯೇ ಒಂದು ಸಮಾಜದ ಮೂಲಧನ. ಒಂದು ಸಾರಿ ಲೆಕ್ಕ ಹಾಕಿ ಕೈಬಿಟ್ಟರೆ ಅಂದಿನ ಒಬ್ಬನು ಸತ್ತಾನು. ಮುಂದೆ ಕಾಯುವವರೆಲ್ಲರ ಧೈರ್ಯವೂ ಅವನೊಡನೆ ಸಾಯುತ್ತದೆ.

ಎರಡನೆಯದು ನ್ಯಾಯದ ಆಕ್ಷೇಪ: ಅವನನ್ನು ಯಾರು ಹೋಗೆಂದರು? ಮಾಡಿದ್ದುಣ್ಣಲಿ. ಈ ಮಾತು ಕೋಪದಲ್ಲಿ ಬರುವುದು ಸಹಜ. ಆದರೆ ತಪ್ಪನ್ನು ವಿಚಾರಿಸಿ ಆಮೇಲೆ ಕೈ ನೀಡುವುದಾದರೆ ಬಾವಿಗೆ ಬಿದ್ದ ಮಗುವನ್ನೂ ಕೇಳಬೇಕಾದೀತು: ಕಟ್ಟೆಯ ಮೇಲೆ ಏಕೆ ಹತ್ತಿದೆ? ಅಲ್ಲದೆ ದೂರದಲ್ಲಿ ನಿಂತವನಿಗೆ ನಿಜ ತಿಳಿಯುವುದೂ ಇಲ್ಲ. 1935ರ ನವೆಂಬರಿನಲ್ಲಿ ಎಲ್ಸ್‌ವರ್ಥನೂ ಅವನ ವೈಮಾನಿಕನೂ ಅಂಟಾರ್ಕ್ಟಿಕವನ್ನು ಅಡ್ಡವಾಗಿ ಹಾರಲು ಹೊರಟರು. ಅವರ ನಿಸ್ತಂತು ಯಂತ್ರ ಕೆಟ್ಟು ಸುದ್ದಿ ನಿಂತುಹೋಯಿತು. ಡಿಸ್ಕವರಿ ದ್ವಿತೀಯ ಎಂಬ ಹಡಗು ಆಸ್ಟ್ರೇಲಿಯದ ವಾಯುಪಡೆಯ ವಿಮಾನಗಳನ್ನು ಹೊತ್ತು ಬಂದು 1936ನೆಯ ಜನವರಿಯಲ್ಲಿ ಅವರನ್ನು ಕಂಡುಹಿಡಿದಾಗ, ಅವರು ಬರ್ಡನ ಹಳೆಯ ಶಿಬಿರದಲ್ಲಿ ಅವನು ಬಿಟ್ಟುಹೋದ ದವಸವನ್ನು ತಿನ್ನುತ್ತ ಕ್ಷೇಮವಾಗಿದ್ದರು. ಹುಡುಕಲು ಬಂದವರಿಗೆ ಇದು ತಿಳಿದಿರಲು ಸಾಧ್ಯವೆ? ಸುದ್ದಿಯಿಲ್ಲದ ಕಡೆ ಕೆಡುಕನ್ನೇ ಶಂಕಿಸಿ ಹೊರಡುವುದು ರಕ್ಷಕನ ಧರ್ಮ. ವಿಚಾರಣೆ ಬದುಕಿಸಿದ ಮೇಲೆ ಆಗಲಿ, ಮೊದಲು ಬೇಡ.

ಹೀಗೆ ರಕ್ಷಿಸುವವರ ಕಡೆಯಿಂದ ನೋಡಿದರೆ ಹೋಗುವುದೇ ಧರ್ಮವೆಂದಾಯಿತು. ತನ್ನ ಕೈಕೆಳಗಿನವರೂ ಯಾರದೋ ಮಕ್ಕಳೆಂಬುದನ್ನು ನಾಯಕನು ಮರೆಯಬಾರದೆಂಬ ಕಟ್ಟು ಮಾತ್ರ ಅದಕ್ಕುಂಟು. ಆದರೆ ಈ ಧರ್ಮವನ್ನು ಒಪ್ಪಿದ ಒಡನೆಯೇ ಸಾಹಸಿಯ ಒಂದು ಹೆಮ್ಮೆಯ ಮಾತು ಬಿದ್ದುಹೋಗುತ್ತದೆ. “ನನ್ನ ಪ್ರಾಣ ನನ್ನದು, ಅದನ್ನು ಪಣವಾಗಿಡಲು ನನಗೆ ಅಧಿಕಾರವುಂಟು” ಎನ್ನುತ್ತಾನವನು. ಬಿದ್ದವನನ್ನು ಕೈಬಿಡಲಾರದ ಜನರ ನಡುವೆ ಒಬ್ಬನು ಪಣವಾಗಿಡುವುದು ತನ್ನ ಪ್ರಾಣವನ್ನಷ್ಟೇ ಅಲ್ಲ. ಹೊರಡುವಾಗಲೇ ಅವನು, ಗೊತ್ತಿಲ್ಲದ ಎಷ್ಟೋ ಮಂದಿಯ ಹೆಸರಿನಲ್ಲಿ, ಅವರನ್ನು ಕೇಳದೆ, ಸಾಲದ ಪತ್ರಕ್ಕೆ ರುಜು ಹಾಕಿರುತ್ತಾನೆ. ನಮ್ಮ ಹಿರಿಯರು ದೇವಋಣ, ಋಷಿಋಣ, ಪಿತೃಋಣ ಎಂದು ಮೂರನ್ನು ಹೇಳಿದರು. ಅವು ಹುಟ್ಟಿನಿಂದಲೇ ಬರತಕ್ಕವು. ಇದಾದರೋ ತಾನಾಗಿ ಮಾಡಿಕೊಳ್ಳುವ ಋಣ. ಆದುದರಿಂದ ಇದರ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಾಗಿರಬೇಕು.

ಹಾಗಾದರೆ ಸಾಹಸವೇ ಬೇಡವೆ? ಹಾಗೆಂದರೆ ಮನುಷ್ಯನು ತನ್ನ ಊರ ಕೆರೆಯಿಂದಾಚೆಗೆ ಹೋಗುತ್ತಲೇ ಇರಲಿಲ್ಲ. ಸಾಲ ಮಾಡಿ ಹೊಲ ಕೊಳ್ಳುವ ರೈತನನ್ನು ನಾವು ಹಳಿಯುವುದಿಲ್ಲ. ತೀರಿಸುವ ಯೋಚನೆಯಿಲ್ಲದೆ ಮಾಡುವವನನ್ನು ಹಳಿಯುತ್ತೇವೆ. ಸಾಹಸಿಯ ಸಾಲಕ್ಕೂ ತೀರಿಸುವ ಬಗೆ ಮೂರುಂಟು. ಮೊದಲನೆಯದು ಸಿದ್ಧತೆ: ನೆರವು ಬೇಕಾಗದಂತೆ ತನ್ನಿಂದಾದುದನ್ನೆಲ್ಲ ಮೊದಲೇ ಮಾಡುವುದು. ಎರಡನೆಯದು ಸತ್ಯ: ಹೋಗುವ ದಾರಿಯನ್ನೂ ಒದಗಿದ ಕಷ್ಟವನ್ನೂ ಮುಚ್ಚದೆ ತಿಳಿಸುವುದು. ಮೂರನೆಯದು, ಎಲ್ಲಕ್ಕಿಂತ ಕಠಿಣವಾದದ್ದು, ಹಿಂದಿರುಗುವುದು. 1909ನೆಯ ಜನವರಿಯಲ್ಲಿ ಇದೇ ಷ್ಯಾಕಲ್ಟನನು ದಕ್ಷಿಣ ಧ್ರುವಕ್ಕೆ ಇನ್ನು 97 ನಾವಿಕ ಮೈಲಿಗಳಿರುವಾಗ ಹಿಂದಿರುಗಿದನು. ಮುಂದುವರಿದಿದ್ದರೆ ಧ್ರುವವನ್ನು ಮುಟ್ಟಬಹುದಾಗಿತ್ತು; ಸಂಗಡ ಬಂದ ಮೂವರು ಬದುಕಿ ಮನೆ ಸೇರುತ್ತಿರಲಿಲ್ಲ. ಮುಂದಿಟ್ಟ ಹೆಜ್ಜೆಯನ್ನು ಹಿಂದೆಗೆಯದವನೇ ವೀರನೆಂದು ಕಾವ್ಯಗಳು ಹೇಳಬಹುದು. ಆ ದಿನ ಹಿಂದೆಗೆದ ಹೆಜ್ಜೆಯಲ್ಲಿದ್ದ ಧೈರ್ಯ ಧ್ರುವವನ್ನು ಮುಟ್ಟುವುದರಲ್ಲಿಯೂ ಇರುತ್ತಿರಲಿಲ್ಲವೆಂದು ನನ್ನ ನಂಬಿಕೆ.

ನಮ್ಮ ದೇಶವೂ ಈ ಋಣದ ವ್ಯವಹಾರಕ್ಕೆ ಸೇರಿ ನಾಲ್ಕು ದಶಕಗಳಾದವು. 1981ನೆಯ ಡಿಸೆಂಬರ್ 6ರಂದು ಡಾಕ್ಟರ್ ಸಯ್ಯದ್ ಜಹೂರ್ ಕಾಸಿಮರ ಮುಂದಾಳುತನದಲ್ಲಿ 21 ಮಂದಿ, ಬಾಡಿಗೆಗೆ ಪಡೆದ ಪೋಲಾರ್ ಸರ್ಕಲ್ ಎಂಬ ನಾರ್ವೆಯ ಹಡಗಿನಲ್ಲಿ ಗೋವೆಯಿಂದ ಹೊರಟು, 1982ನೆಯ ಜನವರಿ 9ರಂದು ಅಂಟಾರ್ಕ್ಟಿಕದಲ್ಲಿ ಇಳಿದರು. 1983–84ರಲ್ಲಿ ದಕ್ಷಿಣ ಗಂಗೋತ್ರಿ, 1989ರಲ್ಲಿ ಮೈತ್ರಿ, 2012ರಲ್ಲಿ ಭಾರತಿ ಎಂಬ ನೆಲೆಗಳಾದವು. ಈ ಯಾತ್ರೆಗಳಲ್ಲಿ ವಿಜ್ಞಾನಿಗಳೊಡನೆ ನೌಕಾಪಡೆ, ವಾಯುಪಡೆ, ಭೂಸೈನ್ಯಗಳವರೂ ದುಡಿದರು. ಆ ಮೊದಲ ದಶಕದ ಯಾತ್ರೆಗಳಲ್ಲಿ ಹಡಗಿನಿಂದ ಹಿಮದಂಡೆಗೆ ಹಾರಿದ ಚೇತಕ್ ಹೆಲಿಕಾಪ್ಟರುಗಳು ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾತಿಯವು. ಮಂಜನ್ನು ಕಂಡರಿಯದ ಕನ್ನಡದ ಕಾರ್ಮಿಕನು ಬಿಗಿದ ಮೊಳೆಯೊಂದರ ಮೇಲೆ ಅಲ್ಲಿ ಯಾರದೋ ಪ್ರಾಣ ನಿಂತಿತ್ತೆಂದರೆ, ಹಿಂದೆ ನಿಂತವರ ಸಾಲು ಎಷ್ಟು ಉದ್ದವೆಂಬುದು ತಿಳಿಯುತ್ತದೆ.

ಆ ಭೂಮಿ ನಮ್ಮವರಿಂದಲೂ ಬೆಲೆ ತೆಗೆದುಕೊಂಡಿದೆ. 1990ನೆಯ ಜನವರಿಯಲ್ಲಿ, ಬರ್ಡನನ್ನು ಕೊಲ್ಲಬೇಕಾಗಿದ್ದ ಆ ವಿಷಾನಿಲವೇ, ಭೂವಿಜ್ಞಾನಿಗಳೂ ನೌಕಾಪಡೆಯವರೂ ಸೇರಿದ ನಾಲ್ವರು ಭಾರತೀಯರನ್ನು ಪರ್ವತ ಪ್ರದೇಶದ ಡೇರೆಯಲ್ಲಿ ಮಲಗಿದಲ್ಲಿಯೇ ಕೊಂದಿತು. ನೆರವು ಬರುವುದಕ್ಕೆ ಸುದ್ದಿಯೇ ಹೋಗಲಿಲ್ಲ. ಅವರು ಕೀರ್ತಿಗಾಗಿ ಹೋದವರಲ್ಲ. ಶಿಲೆಯನ್ನು ಓದಲು ಹೋದವರು, ಓದುವವರಿಗೆ ಜೊತೆಯಾಗಿ ಹೋದವರು. ಇಂಥ ಸಾವನ್ನು ನೆನೆಯುವಾಗ ಸಾಹಸಿ ಬೇರೆ, ಸಹಾಯಕ ಬೇರೆ ಎಂಬ ಭೇದವೇ ಅಳಿದುಹೋಗುತ್ತದೆ.

ಧ್ರುವದ ಮಾತು ಅರಸೀಕೆರೆಯವರಿಗೇಕೆ ಎಂದು ವಾಚಕರು ಕೇಳಬಹುದು. ಮಳೆಗಾಲ ಬಂತೆಂದರೆ ನಮ್ಮ ಜಿಲ್ಲೆಯ ಮಲೆನಾಡಿನ ಅಂಚಿಗೆ ತರುಣರು ಗುಂಪುಗುಂಪಾಗಿ ಹೋಗುತ್ತಾರೆ. ಬೆಟ್ಟ ಹತ್ತುತ್ತಾರೆ, ತುಂಬಿದ ಹಳ್ಳಕ್ಕೆ ಇಳಿಯುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಹತ್ತಬೇಕಾದ ವಯಸ್ಸು ಅದು. ಆದರೆ ಒಬ್ಬನು ಜಾರಿದರೆ, ಕತ್ತಲೆಯಲ್ಲಿ ಹಗ್ಗ ಹಿಡಿದು ಇಳಿಯುವವನು ಆ ಊರಿನ ಕೂಲಿಯವನು, ಇಲ್ಲವೆ ಅಗ್ನಿಶಾಮಕ ದಳದ ನೌಕರ. ಅವನಿಗೂ ಮನೆಯಲ್ಲಿ ಎಳೆಯ ಮಕ್ಕಳಿದ್ದಾರು. ಮಗನನ್ನು ಕಳುಹಿಸಿಕೊಡುವ ತಾಯಿತಂದೆಗಳು “ಹುಷಾರಾಗಿ ಹೋಗಿ ಬಾ” ಎನ್ನುತ್ತಾರೆ. ಆ ಮಾತಿನಲ್ಲಿ ತಮ್ಮ ಮಗನ ಮೇಲಣ ಮಮತೆಯಷ್ಟೇ ಇದ್ದರೆ ಸಾಲದು. ಅವನನ್ನು ಹುಡುಕಲು ಹೊರಡಬೇಕಾದ, ಇನ್ನೂ ಮುಖ ಕಂಡಿರದ ಆ ಮತ್ತೊಬ್ಬನ ಮೇಲಣ ಕನಿಕರವೂ ಇರಬೇಕು.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿ ಗರುಡಗಂಬವೊಂದಿದೆ. ವೀರಬಲ್ಲಾಳನು ಗತಿಸಿದಾಗ, ಒಡೆಯನಿಲ್ಲದ ಬಾಳು ಬೇಡವೆಂದು, ತನ್ನವರೊಡನೆ ಪ್ರಾಣ ನೀಗಿದ ದಂಡನಾಯಕ ಕುವರಲಕ್ಷ್ಮನ ನೆನಪಿನದು ಅದು. ಆ ನಿಷ್ಠೆಯ ಮುಂದೆ ಬೆರಗಾಗಿ ನಿಲ್ಲುತ್ತೇವೆ; ಆದರೆ ಅದರಿಂದ ಸತ್ತ ದೊರೆ ಬದುಕಲಿಲ್ಲ. ಹಳ್ಳಿಯ ವೀರಗಲ್ಲಿನವನ ಸಾವು ಬೇರೆ ಬಗೆಯದು. ಅವನು ಸಾಯಲೆಂದು ಹೊರಡಲಿಲ್ಲ. ತರಲೆಂದು ಹೊರಟನು, ತರುವುದರಲ್ಲಿ ಸತ್ತನು. ಗಂಬದ ಶಿಲ್ಪ ಎಷ್ಟು ಸೊಗಸಾಗಿದ್ದರೂ, ಬದುಕುವವರಿಗೆ ದಾರಿ ತೋರುವುದು ಕೆರೆಯೇರಿಯ ಆ ಒರಟು ಕಲ್ಲೇ ಎಂದು ನನಗೆ ತೋರುತ್ತದೆ.

ಆ ಕಲ್ಲು ತಂದುಕೊಟ್ಟವನಿಗಾಗಿ ನೆಟ್ಟದ್ದು. ತುರುವನ್ನು ಮರಳಿ ಪಡೆದವನು ಆಮೇಲೆ ಹೇಗೆ ಬಾಳಿದನು, ಮಡಿದವನ ಮನೆಯ ಕಡೆಗೆ ಒಂದು ದಿನವಾದರೂ ಒಂದು ತಂಬಿಗೆ ಹಾಲನ್ನು ಕೊಂಡೊಯ್ದನೆ ಎಂಬುದನ್ನು ಯಾವ ಕಲ್ಲಿನಲ್ಲಿಯೂ ಕೊರೆದಿಲ್ಲ. ಕೊರೆಯುವ ಪದ್ಧತಿಯಿರಲಿಲ್ಲ. ಆದರೆ ಊರಿನವರು ಆ ಹಾಲಿನ ಲೆಕ್ಕವನ್ನು ಗಮನಿಸುತ್ತಿದ್ದರೆಂಬುದರಲ್ಲಿ ನನಗೆ ಅನುಮಾನವಿಲ್ಲ.